ಯೆಸೆನಿಯಾಳ ಫಾರಂ ತುಂಬಿಸಿದವಳು

ಆ ಹುಡುಗಿಯ ಕಾಲೇಜು ಕೆಡಿಸಿದವಳು ನಾನು. ಬೇರೆಯವರ ಕೈಯೂ ಇದೆ, ಅದನ್ನೂ ಹೇಳುತ್ತೇನೆ. ಆದರೆ ಮೊದಲ ಕೈ ನನ್ನದು. ಫಾರಂ ತುಂಬುವುದು ನನಗೆ ಗೊತ್ತು ಅನ್ನುವ ಜಂಬ ಇತ್ತು ನನಗೆ. ಆ ಜಂಬಕ್ಕೆ ನಾನು ಏನೂ ಕಳೆದುಕೊಳ್ಳಲಿಲ್ಲ. ಕಳೆದುಕೊಂಡವಳು ಹದಿನೇಳು ವರ್ಷದ ಯೆಸೆನಿಯಾ.

ನನ್ನ ಹೆಸರು ಮೆಹ್ರೀನ್. ಗದಗಿನವಳು. ಧಾರವಾಡದಲ್ಲಿ ಗಣಿತ ಎಂ.ಎಸ್ಸಿ. ಮಾಡಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಎರಡು ವರ್ಷ ಪಾಠ ಹೇಳಿದೆ. ಆಮೇಲೆ ನಯೀಮನನ್ನು ಮದುವೆಯಾಗಿ ೧೯೯೮ರಲ್ಲಿ ಅಮೆರಿಕಕ್ಕೆ ಬಂದೆ. ಅವನ ವೀಸಾಕ್ಕೆ ಕೆಲಸ ಆಧಾರ. ನನ್ನ ವೀಸಾಕ್ಕೆ ಅವನು ಆಧಾರ. ಎಚ್-ಫೋರ್ ಅನ್ನುತ್ತಾರೆ ಅದಕ್ಕೆ. ದುಡಿಯುವಂತಿಲ್ಲ. ದುಡಿಯುವಂತಿಲ್ಲದ ಮೇಲೆ ಸೋಶಿಯಲ್ ಸೆಕ್ಯುರಿಟಿ ನಂಬರೂ ಇಲ್ಲ. ಆ ನಂಬರು ಇಲ್ಲದವಳನ್ನು ಈ ದೇಶದ ಯಾವ ಕೌಂಟರೂ ಮನುಷ್ಯಳೆಂದು ನೋಡುವುದಿಲ್ಲ.

ನಯೀಮನ ಆಫೀಸು ಪಾಲೋ ಆಲ್ಟೋದಲ್ಲಿ. ಅಲ್ಲಿನ ಬಾಡಿಗೆ ಕೇಳಿಯೇ ನಮಗೆ ತಲೆ ತಿರುಗಿತು. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ದಾರಿಯ ಗಿಲ್‌ರಾಯ್‌ನಲ್ಲಿ ಅಪಾರ್ಟ್‌ಮೆಂಟು ಹಿಡಿದೆವು. ಬೆಳಿಗ್ಗೆ ಆರಕ್ಕೆ ಅವನು ಫ್ರೀವೇ ಹತ್ತುತ್ತಿದ್ದ. ನಾನು ಪಾತ್ರೆ ತೊಳೆದು, ಬಟ್ಟೆ ಮಡಚಿ, ಹತ್ತು ಗಂಟೆಗೆ ಕೈ ಖಾಲಿ ಮಾಡಿಕೊಂಡು ಕೂರುತ್ತಿದ್ದೆ. ಕಿಟಕಿ ತೆರೆದರೆ ಬೆಳ್ಳುಳ್ಳಿ ವಾಸನೆ. ಗಿಲ್‌ರಾಯ್ ಅಂದರೆ ಬೆಳ್ಳುಳ್ಳಿ. ಹೊಲದಲ್ಲಿ ಅದು, ಶೆಡ್ಡಿನಲ್ಲಿ ಅದು, ಗ್ರೋಸರಿಗೆ ಬಂದ ಹೆಂಗಸರ ಕೂದಲಲ್ಲೂ ಅದು. ಆ ಹೆಂಗಸರೆಲ್ಲ ಮೆಕ್ಸಿಕೋದವರು. ನನ್ನನ್ನೂ ಅವರು ತಮ್ಮವಳೆಂದುಕೊಂಡು ಸ್ಪ್ಯಾನಿಷ್‌ನಲ್ಲಿ ಮಾತಾಡಿಸುತ್ತಿದ್ದರು. ಬಣ್ಣ ಒಂದೇ ತಾನೇ.

ಹೀಗೆ ಕೂತವಳನ್ನು ಎಬ್ಬಿಸಿದವರು ಪದ್ಮಜಾ. ಅವರ ಗಂಡ ಆನಂದತೀರ್ಥರು ನಯೀಮನ ಕಂಪನಿಯಲ್ಲಿ ಡೈರೆಕ್ಟರು. ನಮ್ಮ ಗ್ರೀನ್ ಕಾರ್ಡಿನ ಅರ್ಜಿಗೆ ಕಂಪನಿಯ ಪರವಾಗಿ ಸಹಿ ಹಾಕಬೇಕಾದವರು ಅವರೇ. ಕಂಪನಿಯಲ್ಲಿ ಆಗ ದುಡ್ಡು ಉಕ್ಕುತ್ತಿದ್ದ ಕಾಲ. ಒಂದಿಷ್ಟು ಸಮಾಜಸೇವೆಯೂ ಇರಲಿ ಎಂದು ಗಿಲ್‌ರಾಯ್ ಹೈಸ್ಕೂಲಿನ ಲ್ಯಾಟಿನೋ ಮಕ್ಕಳಿಗೆ ಶನಿವಾರದ ಕ್ಲಾಸು ಶುರು ಮಾಡಿದ್ದರು. ಲೀಡರ್‌ಶಿಪ್ ತರಬೇತಿ, ಕಾಲೇಜಿಗೆ ತಯಾರಿ. ಕೊನೆಗೆ ಒಬ್ಬರಿಗೆ ನಾಲ್ಕು ವರ್ಷದ ಸ್ಕಾಲರ್‌ಶಿಪ್ಪು. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಪದ್ಮಜಾ.

"ಮನೇಲಿ ಸುಮ್ನೆ ಕೂತು ಬೋರ್ ಆಗಲ್ವಾ ಮೆಹ್ರೀನ್? ಬನ್ನಿ, ಈ ಮಕ್ಕಳಿಗೆ ಮ್ಯಾತ್ಸ್ ಹೇಳ್ಕೊಡಿ. ವಾಲಂಟಿಯರಿಂಗು, ಪೇಮೆಂಟ್ ಇಲ್ಲ. ನಿಮ್ ವೀಸಾಗೂ ಪ್ರಾಬ್ಲಮ್ ಇಲ್ಲ" ಎಂದರು.

"ಬರ್ತೀನ್ರೀ ಅಕ್ಕಾರ" ಎಂದೆ.

"ನಿಮ್ ಭಾಷೆ ಕೇಳೋಕೆ ಎಷ್ಟು ಮಜಾ ಇದೆ" ಎಂದು ನಕ್ಕರು. ನಾನೂ ನಕ್ಕೆ. ಸಹಿ ಹಾಕುವವರ ಹೆಂಡತಿ ನಕ್ಕರೆ ನಗಬೇಕು.

ಇಪ್ಪತ್ತೆರಡು ಮಕ್ಕಳು. ಎಲ್ಲರಿಗೂ ಕಂಪನಿಯ ಹೆಸರು ಬರೆದ ನೀಲಿ ಟೀ ಶರ್ಟು. ಅವರಲ್ಲಿ ಯೆಸೆನಿಯಾ ತಡವಾಗಿ ಬರುವವಳು. ಶನಿವಾರ ಬೆಳಿಗ್ಗೆ ಐದರಿಂದ ಒಂಬತ್ತೂವರೆ ತನಕ ಅವಳು ತಾಯಿ ಒಫೆಲಿಯಾಳ ಜೊತೆ ಬೆಳ್ಳುಳ್ಳಿ ಶೆಡ್ಡಿನಲ್ಲಿ ನಿಲ್ಲುತ್ತಿದ್ದಳು. ಬೆಲ್ಟಿನ ಮೇಲೆ ಗಡ್ಡೆ ಹರಿದು ಬರುತ್ತದೆ. ಬೇರು ಕತ್ತರಿಸಬೇಕು, ಕೊಳೆತದ್ದು ಎಸೆಯಬೇಕು, ಮತ್ತೆ ಬೇರು ಕತ್ತರಿಸಬೇಕು. ಬೆಲ್ಟು ನಿಲ್ಲುವುದಿಲ್ಲ. ಗ್ಲೌಸು ಹಾಕಿದರೆ ಕೈ ನಿಧಾನವಾಗುತ್ತದೆ, ನಿಧಾನವಾದರೆ ಬೈಗುಳ. ಬೆಳ್ಳುಳ್ಳಿ ರಸ ಚರ್ಮವನ್ನು ಸುಡುತ್ತದೆ. ಒಫೆಲಿಯಾಳ ಬೆರಳ ತುದಿಗಳಲ್ಲಿ ಗೆರೆಗಳೇ ಅಳಿಸಿಹೋಗಿದ್ದವು. ಮಗಳ ಬೆರಳುಗಳು ಆಗಷ್ಟೇ ಸುಲಿಯತೊಡಗಿದ್ದವು.

ಆ ಬೆರಳುಗಳಲ್ಲಿ ಅವಳು ಕ್ಯಾಲ್ಕ್ಯುಲಸ್ ಬಿಡಿಸುತ್ತಿದ್ದಳು. ನಾನು ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಹುಡುಗರಿಗೆ ಮೂರು ದಿನ ಹೇಳಿದರೂ ತಲೆಗೆ ಹೋಗದ ಲೆಕ್ಕವನ್ನು ಅವಳು ಒಮ್ಮೆ ನೋಡಿ, ಪೆನ್ಸಿಲ್ ಕಚ್ಚಿ, ಮುಗಿಸಿಬಿಡುತ್ತಿದ್ದಳು. "ನಿಮ್ಮ ಥರ ಟೀಚರ್ ಆಗ್ಬೇಕು ಮಿಸ್" ಎಂದಳು ಒಂದು ದಿನ ಇಂಗ್ಲಿಷಿನಲ್ಲಿ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷೇ. ಎರಡು ವರ್ಷದಿಂದ ನನ್ನನ್ನು ಯಾರೂ ಟೀಚರ್ ಅಂದಿರಲಿಲ್ಲ. ನನಗೆ ಅಳು ಬಂತು. ಅಂದಿನಿಂದ ಅವಳು ನನ್ನ ಹುಡುಗಿ.

ಪದ್ಮಜಾ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ತರುವುದಿಲ್ಲ. ಅದು ಅವರ ಮನೆಯ ಮಡಿ, ನನಗೇನೂ ತಕರಾರಿಲ್ಲ. ಆದರೆ ಅವರು ಬೆಳ್ಳುಳ್ಳಿ ಊರಿಗೆ ಮಕ್ಕಳನ್ನು ಉದ್ಧಾರ ಮಾಡಲು ಬಂದಿದ್ದರು. ಕಾರಿನಿಂದ ಇಳಿಯುವಾಗಲೇ ಮೂಗಿನ ಹತ್ತಿರ ಕರ್ಚೀಫು. ಆ ಮೂಗು ನನಗೆ ಗೊತ್ತು. ಧಾರವಾಡದಲ್ಲಿ ರೂಮು ಹುಡುಕುವಾಗ ನನ್ನ ಹೆಸರು ಕೇಳಿದ ಕೂಡಲೇ ಬಾಗಿಲಲ್ಲಿ ನಿಂತವರ ಮೂಗು ಹಾಗೇ ಆಗುತ್ತಿತ್ತು.

ಅಕ್ಟೋಬರಿನಲ್ಲಿ ಶೇಕ್‌ಹ್ಯಾಂಡ್ ಪಾಠ. ಕೈ ಗಟ್ಟಿಯಾಗಿ ಹಿಡಿಯಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಹೆಸರು ಸ್ಪಷ್ಟವಾಗಿ ಹೇಳಬೇಕು. ಮಕ್ಕಳು ಸಾಲಾಗಿ ನಿಂತರು. ಪದ್ಮಜಾ ಒಬ್ಬೊಬ್ಬರ ಕೈ ಕುಲುಕಿದರು. ಯೆಸೆನಿಯಾಳ ಸರದಿ ಬಂದಾಗ ಬೆರಳ ತುದಿ ಮಾತ್ರ ಮುಟ್ಟಿ, ಕೈ ತೊಳೆದುಕೊಂಡು ಬಾ ಎಂದರು. ಅವಳು ತೊಳೆದು ಬಂದಳು. ಇನ್ನೊಮ್ಮೆ ತೊಳಿ ಎಂದರು. ಮತ್ತೆ ಬಂದಳು. ಪದ್ಮಜಾ ಬ್ಯಾಗಿನಿಂದ ಒಂದು ನಿಂಬೆಹಣ್ಣು ತೆಗೆದು ಕೊಟ್ಟರು. ಮನೆಯಿಂದಲೇ ತಂದಿದ್ದರು.

ಮೂರನೇ ಸಲ ಅವಳು ಬಂದಾಗ ಎರಡೂ ಅಂಗೈ ಕೆಂಪಗಿದ್ದವು. ಸುಲಿದ ಚರ್ಮಕ್ಕೆ ನಿಂಬೆ ಬಿದ್ದರೆ ಹೇಗಾಗುತ್ತದೆ ಅಂತ ಅಡುಗೆ ಮಾಡುವ ಹೆಂಗಸಿಗೆ ಯಾರೂ ಹೇಳಬೇಕಿಲ್ಲ. ಅವಳು ಪದ್ಮಜಾ ಅವರ ಕಣ್ಣಲ್ಲಿ ಕಣ್ಣಿಟ್ಟು, ಕೈ ಗಟ್ಟಿಯಾಗಿ ಹಿಡಿದು, ಹೆಸರು ಹೇಳಿದಳು. ಪದ್ಮಜಾ "ವೆರಿ ಗುಡ್" ಎಂದರು. ಅವರ ಮೇಲೆ ನನಗೆ ಬಂದ ಸಿಟ್ಟು ಇಷ್ಟಷ್ಟಲ್ಲ. ಆದರೂ ಸಾಲಿನಲ್ಲಿದ್ದ ಮುಂದಿನ ಹುಡುಗನನ್ನು ಅವರ ಹತ್ತಿರ ಕಳಿಸಿದೆ.

ನವೆಂಬರಿನಲ್ಲಿ ಕಾಲೇಜಿನ ಅರ್ಜಿ. ಸರಕಾರಿ ಕಾಲೇಜು, ಹತ್ತಿರದ್ದೇ. ಒಬ್ಬೊಬ್ಬ ವಾಲಂಟಿಯರಿಗೆ ಮೂರು ಮಕ್ಕಳು. ನಾನು ಯೆಸೆನಿಯಾಳನ್ನು ಕೇಳಿ ತೆಗೆದುಕೊಂಡೆ. ಹೆಸರು, ವಿಳಾಸ, ಮಾರ್ಕ್ಸು ಎಲ್ಲ ಸರಾಗ. ಅವರ ಮನೆ ಆಗಾಗ ಬದಲಾಗುತ್ತಿದ್ದರಿಂದ ಕಾಗದ ಕಳಿಸುವ ವಿಳಾಸ ಪ್ರೋಗ್ರಾಮಿನದೇ ಹಾಕಿದೆವು. ಸೋಶಿಯಲ್ ಸೆಕ್ಯುರಿಟಿ ನಂಬರಿನ ಖಾನೆಗೆ ಬಂದಾಗ ಅವಳ ಪೆನ್ನು ನಿಂತಿತು.

"ನನ್ನ ಹತ್ರ ಇಲ್ಲ ಮಿಸ್."

ನನಗೆ ಖುಷಿಯಾಯಿತು. ನಿಜ ಹೇಳುತ್ತೇನೆ, ಖುಷಿಯೇ ಆಯಿತು. ಕೊನೆಗೂ ನನಗೆ ಚೆನ್ನಾಗಿ ಗೊತ್ತಿರುವ ವಿಷಯ. "ಅದಕ್ಕೇನು, ನನಗೂ ಇಲ್ಲ" ಎಂದೆ. "ನಾವು ಖಾಲಿ ಬಿಡಬೇಕು. ಕೆಳಗೆ ನೋಡು, ಇನ್ನೊಂದು ಬಾಕ್ಸಿದೆ. ವೀಸಾ ಮೇಲೆ ಇರುವವರು, ವಿದೇಶಿ ವಿದ್ಯಾರ್ಥಿ. ಅದಕ್ಕೆ ಟಿಕ್ ಹಾಕು."

ನನ್ನ ಲೆಕ್ಕದಲ್ಲಿ ಈ ದೇಶದಲ್ಲಿ ಎರಡೇ ಥರದ ಜನ. ನಂಬರು ಇರುವವರು, ವೀಸಾ ಇರುವವರು. ನಮ್ಮವರು ಮನೆಗೊಂದು ಅಡುಗೆ ತಂದು ಕೂಡುವ ಪಾಟ್‌ಲಕ್ ಊಟಗಳಲ್ಲಿ, ಇಲ್ಲಿನ ಡಬ್ಲಿನ್ ಅನ್ನುವ ಊರಿನ ಮನೆಗಳಲ್ಲಿ, ಪ್ರತಿ ವಾರವೂ ಮಾತು ಅದೇ. ಯಾರದು ದುಡಿಯಬಹುದಾದ ಎಚ್-ಒನ್, ಯಾರದು ಎಚ್-ಫೋರ್, ಯಾರಿಗೆ ಕಾರ್ಡು ಬಂತು. ಎರಡೂ ಇಲ್ಲದೆ ಒಬ್ಬಳು ಹದಿನಾಲ್ಕು ವರ್ಷ ಬದುಕಿರಬಹುದು, ಶಾಲೆಗೇ ಮೊದಲಿಗಳಾಗಿರಬಹುದು ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಅಂಥವರ ನಡುವೆಯೇ ಗ್ರೋಸರಿ ತರುತ್ತಿದ್ದೆ. ಅವರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿಕೊಂಡಿರಲಿಲ್ಲ.

"ಇದೇ ಸರೀನಾ ಮಿಸ್? ಖಾಲಿ ಬಿಟ್ರೆ ಸಾಕು ಅಂತ ನಮ್ಮ ಶೆಡ್ಡಲ್ಲಿ ಒಬ್ರು ಹೇಳಿದ್ರು."

"ಶೆಡ್ಡಿನವರಿಗೆ ಏನು ಗೊತ್ತು" ಎಂದೆ. ನನ್ನ ಬಾಯಿಂದಲೇ ಬಂದ ಮಾತು.

ಅವಳು ನನ್ನನ್ನು ನಂಬಿ ಟಿಕ್ ಹಾಕಿದಳು.

ಶೆಡ್ಡಿನವರಿಗೇ ಗೊತ್ತಿತ್ತು. ಖಾನೆ ಖಾಲಿ ಬಿಟ್ಟು ಸುಮ್ಮನಿದ್ದವರ ಅರ್ಜಿ ಎಷ್ಟೋ ಸಲ ದಾಟಿಹೋಗುತ್ತಿತ್ತಂತೆ. ಕೇಳುವವರು ಕೇಳುತ್ತಿರಲಿಲ್ಲವಂತೆ. ಟಿಕ್ ಹಾಕಿದ್ದರಿಂದ ಅವಳ ಅರ್ಜಿ ವಿದೇಶಿಯರ ಮೇಜಿಗೆ ಹೋಯಿತು. ಫೆಬ್ರವರಿಯಲ್ಲಿ ಕಾಗದ ಬಂತು. ಪಾಸ್‌ಪೋರ್ಟು ಕಳಿಸಿ, ವೀಸಾ ಕಳಿಸಿ, ವಿದೇಶಿಯರ ಫೀಸು ಕಟ್ಟುವ ಶಕ್ತಿಯಿದೆ ಎಂದು ಬ್ಯಾಂಕಿನ ಪತ್ರ ಕಳಿಸಿ, ಇಲ್ಲದಿದ್ದರೆ ಅರ್ಜಿ ಮುಚ್ಚಲಾಗುವುದು. ಕಾಗದ ಒಡೆದವರು ಪದ್ಮಜಾ.

ಯೆಸೆನಿಯಾಳನ್ನು ಕರೆದು ಕೂರಿಸಿದರು. ನಾನೂ ಇದ್ದೆ. ಅವಳು ನೆಲ ನೋಡಿಕೊಂಡು ಹೇಳಿದಳು. ಮೂರು ವರ್ಷದವಳಿದ್ದಾಗ ತಾಯಿ ಎತ್ತಿಕೊಂಡು ಗಡಿ ದಾಟಿದ್ದು. ಪಾಸ್‌ಪೋರ್ಟು ಎಂದೂ ಇರಲಿಲ್ಲ. ಪದ್ಮಜಾ ನಿಟ್ಟುಸಿರು ಬಿಟ್ಟು ನನ್ನತ್ತ ತಿರುಗಿ ಕನ್ನಡಕ್ಕೆ ಹೊರಳಿದರು.

"ಇಲ್ಲೀಗಲ್ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ಸ್ಕಾಲರ್‌ಶಿಪ್ ಇವಳಿಗೇ ಅಂತ ಡಿಸೈಡ್ ಆಗಿತ್ತು. ಈಗ ಕಂಪನಿ ಲಾಯರ್ ಒಪ್ಪಲ್ಲ. ಬೇರೆ ಹುಡುಗಂಗೆ ಕೊಡ್ಬೇಕು."

"ತಪ್ಪು ನಂದ್ರೀ ಅಕ್ಕಾರ. ನಾನ ಟಿಕ್ ಹಾಕ್ಸೀನಿ. ಕಾಲೇಜಿಗೆ ಫೋನ್ ಹಚ್ಚಿ ನಾನ ಮಾತಾಡ್ತೀನಿ."

"ಏನಂತ ಮಾತಾಡ್ತೀರಾ? ಸುಳ್ಳು ಹೇಳ್ತೀರಾ? ನಿಮ್ ಕಾರ್ಡ್ ಪ್ರಾಸೆಸಿಂಗಲ್ಲಿದೆ, ಯೋಚನೆ ಮಾಡಿ."

ನಾನು ಯೋಚನೆ ಮಾಡಿದೆ. ಫೋನ್ ಮಾಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಇದೂ ಸಾವಿರ ಮಕ್ಕಳ ಕಥೆಯೇ ಆಗುತ್ತಿತ್ತು. ಮುಗಿಯಲಿಲ್ಲ. ಏಪ್ರಿಲಿನಲ್ಲಿ ಪಾಲೋ ಆಲ್ಟೋದ ಹೋಟೆಲೊಂದರಲ್ಲಿ ಪ್ರೋಗ್ರಾಮಿಗೆ ದಾನ ಕೊಡುವವರ ಊಟ. ಯೆಸೆನಿಯಾಳ ಫೋಟೋ ಹಾಕಿದ ಬ್ರೋಶರು ಆಗಲೇ ಅಚ್ಚಾಗಿ ಬಂದಿತ್ತು. ವೇದಿಕೆಯಲ್ಲಿ ತನ್ನ ಬದುಕಿನ ಕಥೆ ಓದಬೇಕಾದವಳು ಅವಳು.

"ಸ್ಪೀಚ್ ಮಾತ್ರ ಮಾಡ್ಲಿ" ಎಂದರು ಪದ್ಮಜಾ. ಆಮೇಲೆ ಅವಳಿಗೆ ಇಂಗ್ಲಿಷಿನಲ್ಲಿ, ಬಹಳ ಮೆತ್ತಗೆ, "ಈ ಕಾಗದ ನನ್ನ ಹತ್ತಿರವೇ ಇರುತ್ತೆ. ಯಾರಿಗೂ ತೋರಿಸಲ್ಲ. ನೀನು ಬಂದು ಚೆನ್ನಾಗಿ ಓದು" ಎಂದರು. ಅವರಿಗೆ ಅದು ಕರುಣೆಯೇ ಇರಬಹುದು. ಯೆಸೆನಿಯಾ ಆ ಕಾಗದವನ್ನೇ ನೋಡಿದಳು. ಅದು ಹೊರಬಿದ್ದರೆ ತಾಯಿಯನ್ನೂ ಈ ದೇಶದಿಂದ ಅಟ್ಟುತ್ತಾರೆ ಎಂದು ನೆನೆದುಕೊಂಡಳು ಅಂತ ನನಗೆ ಗೊತ್ತಾಯಿತು. ಆಯ್ತು ಎಂದಳು.

ಅವಳು ಬರೆದದ್ದು ಒಂದೂವರೆ ಪುಟ. ತಾಯಿಯ ಕೈಯ ಬಗ್ಗೆ. ಅಮ್ಮ ಬರೀ ಬೆರಳಿಂದ ಒತ್ತಿ ನೋಡಿ ಯಾವ ಗಡ್ಡೆ ಒಳಗೆ ಕೊಳೆತಿದೆ ಎಂದು ಹೇಳುತ್ತಾಳೆ, ಶೆಡ್ಡಿನ ಮೇಸ್ತ್ರಿಗೂ ಅದು ಬರುವುದಿಲ್ಲ, ನಾನೂ ಅಮ್ಮನಿಂದ ಹಾಗೆ ನೋಡುವುದನ್ನು ಕಲಿತೆ ಎಂದು ಬರೆದಿದ್ದಳು. ಓದಿ ನನ್ನ ಎದೆ ಉಬ್ಬಿತ್ತು. ಪದ್ಮಜಾ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು.

"ತುಂಬಾ ಪ್ಲೇನ್ ಆಯ್ತು. ಜನ ಚೆಕ್ ಬರೀಬೇಕು ಅಂದ್ರೆ ಕಣ್ಣಲ್ಲಿ ನೀರ್ ಬರ್ಬೇಕು. ಇಲ್ಲಿ ಹೀಗೆ ಹಾಕಿ. ನನ್ನ ತಾಯಿಯ ಮೈ ನಾರುತ್ತಿತ್ತು. ನನ್ನ ಶಾಲೆಗೆ ಅವಳು ಬಂದರೆ ನನಗೆ ನಾಚಿಕೆಯಾಗುತ್ತಿತ್ತು. ಈ ಪ್ರೋಗ್ರಾಮು ನನ್ನನ್ನು ಆ ವಾಸನೆಯಿಂದ ಹೊರಗೆ ತಂದಿತು."

"ಆಕಿ ಹಂಗ ಬರದಿಲ್ರೀ."

"ಟೈಪ್ ಮಾಡಿ ಮೆಹ್ರೀನ್."

ಟೈಪ್ ಮಾಡಿದೆ. ಈ ಹತ್ತು ಬೆರಳಲ್ಲೇ. ಊಟದ ದಿನ ವೇದಿಕೆಯ ಮೆಟ್ಟಿಲ ಹತ್ತಿರ ಅದನ್ನು ಯೆಸೆನಿಯಾಳ ಕೈಗೆ ಕೊಟ್ಟವಳೂ ನಾನೇ. ಮೊದಲೇ ಕೊಟ್ಟರೆ ಅವಳು ಬೇಡ ಅನ್ನುತ್ತಾಳೆಂದು ನನಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ. ತಾಯಿ ಮಗಳು ನಮ್ಮ ಕಾರಿನಲ್ಲೇ ಬಂದರು. ಒಫೆಲಿಯಾ ಹಸಿರು ಬಣ್ಣದ ಇಸ್ತ್ರಿ ಮಾಡಿದ ಉಡುಪು ಹಾಕಿದ್ದಳು. ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಅವಳಿಗೆ ಸ್ಕಾಲರ್‌ಶಿಪ್ಪು ಹೋದದ್ದು ಗೊತ್ತಿತ್ತು. ಆದರೂ ಮಗಳು ದೊಡ್ಡವರ ಮುಂದೆ ಮಾತಾಡುತ್ತಾಳೆ ಎಂದು ಮುಖದಲ್ಲಿ ನಗು. ಮುಂದಿನ ಸಾಲಿನ ಮೇಜಿಗೇ ಅವಳನ್ನು ಕೂರಿಸಿದರು. ಜನ ನೋಡಬೇಕಲ್ಲ.

ಯೆಸೆನಿಯಾ ವೇದಿಕೆ ಹತ್ತಿದಳು. ಮೊದಲ ಪ್ಯಾರಾ ಓದಿದಳು. ದನಿ ನಡುಗಲಿಲ್ಲ. ಎರಡನೆಯದಕ್ಕೆ ಬಂದು ನಿಂತಳು. ಕಣ್ಣಲ್ಲೇ ಮುಂದಿನ ಸಾಲು ಓದಿಕೊಂಡದ್ದು ನನಗೆ ಕಂಡಿತು. ತಲೆಯೆತ್ತಿ ನನ್ನನ್ನು ಹುಡುಕಿದಳು. ಆಮೇಲೆ ಮೈಕಿಗೆ ಹೇಳಿದಳು.

"ಇದು ನಾನು ಬರೆದದ್ದಲ್ಲ. ನನ್ನ ತಾಯಿ ಇಲ್ಲೇ ಕೂತಿದ್ದಾಳೆ. ನಾನು ಓದೋದಿಲ್ಲ."

ಹಾಳೆಯನ್ನು ಅಲ್ಲೇ ಇಟ್ಟಳು. ಇಳಿದು ಬಂದಳು. ತಾಯಿಯ ಕೈ ಹಿಡಿದು ಎಬ್ಬಿಸಿದಳು. ಆ ಕಾಗದ ಯಾರ ಹತ್ತಿರ ಇದೆ ಅಂತ ಅವಳಿಗೆ ಗೊತ್ತಿತ್ತು. ಅದು ಯಾರ ಕೈಗೆ ಹೋದರೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಓದಲಿಲ್ಲ. ಅಂಥ ಧೈರ್ಯವನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

ಜನ ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು. ಹುಡುಗಿಗೆ ದುಃಖ ಉಕ್ಕಿ ಬಂತು ಅಂದುಕೊಂಡರು. ಕೆಲವರು ಎದ್ದು ನಿಂತರು. ಪದ್ಮಜಾ ಮೈಕಿಗೆ ಬಂದು, "ತುಂಬಾ ಭಾವುಕಳಾಗಿದ್ದಾಳೆ, ಪಾಪ. ಅವಳ ಮಾತನ್ನು ಅವಳ ಮೆಚ್ಚಿನ ಟೀಚರ್ ಓದುತ್ತಾರೆ" ಎಂದು ನನ್ನತ್ತ ಕೈ ಚಾಚಿದರು.

ನಾನು ಎದ್ದೇಳಲಿಲ್ಲ. ನಯೀಮನ ಪಕ್ಕದಲ್ಲೇ ಆನಂದತೀರ್ಥರು ಕೂತಿದ್ದರು. ಅವರು ನನ್ನನ್ನು ನೋಡಿದರು, ಅಷ್ಟೇ. ನಯೀಮ್ ನಮ್ಮ ಮನೆಮಾತು ದಖನಿ ಉರ್ದುವಿನಲ್ಲಿ ಪಿಸುಗುಟ್ಟಿದ. "ಜಾಕೋ ಪಡ್." ಹೋಗಿ ಓದು ಅಂತ.

ತಾಯಿ ಮಗಳು ಬಾಗಿಲ ತನಕವೂ ಹೋಗಿರಲಿಲ್ಲ.

ನಾನು ಓದಿದೆ. ತಡವರಿಸಲಿಲ್ಲ. ಕ್ಲಾಸಿನಲ್ಲಿ ಓದುವ ಹಾಗೆ ಬಿಡಿಸಿ ಬಿಡಿಸಿ ಓದಿದೆ. ತಾಯಿ, ಬೆಳ್ಳುಳ್ಳಿ, ನಾತ, ನಾಚಿಕೆ. ಒಫೆಲಿಯಾಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಹದಿನಾಲ್ಕು ವರ್ಷ ಆ ಶೆಡ್ಡಿನಲ್ಲಿ ನಿಂತವಳಿಗೆ ಈ ನಾಲ್ಕು ಶಬ್ದ ಬರುತ್ತವೆ. ಅವಳು ಬಾಗಿಲಲ್ಲಿ ತಿರುಗಿ ನಿಂತಳು. ನನ್ನನ್ನಲ್ಲ, ಮಗಳನ್ನು ನೋಡಿದಳು. ಇದು ನೀನು ಬರೆದದ್ದಾ ಅಂತ ಕೇಳುವ ಮುಖ. ಯೆಸೆನಿಯಾ ಏನೋ ಹೇಳುತ್ತಾ ಅವಳ ತೋಳು ಹಿಡಿದಳು. ತಾಯಿ ತೋಳು ಬಿಡಿಸಿಕೊಂಡು ಮುಂದೆ ನಡೆದಳು.

ಆ ಮಧ್ಯಾಹ್ನ ಪ್ರೋಗ್ರಾಮಿಗೆ ಹಿಂದೆಂದೂ ಬಾರದಷ್ಟು ಹಣ ಬಂತಂತೆ. ಪದ್ಮಜಾ ನನ್ನನ್ನು ಅಪ್ಪಿಕೊಂಡರು.

ಹೋಟೆಲಿನಿಂದ ಸ್ವಲ್ಪ ದೂರ ಬಂದಿದ್ದೆವು. ರಸ್ತೆ ಪಕ್ಕದ ಬಸ್‌ಸ್ಟಾಪಿನಲ್ಲಿ ಇಬ್ಬರೂ ಕಂಡರು. ಒಫೆಲಿಯಾ ಬೆಂಚಿನ ಈ ತುದಿಗೆ, ಯೆಸೆನಿಯಾ ಆ ತುದಿಗೆ. ನಯೀಮ್ ಕಾರು ನಿಲ್ಲಿಸಿದ. ನಾನು ಇಳಿದು ಓಡಿದೆ.

"ಹತ್ತಿ, ಮನೆಗೆ ಬಿಡ್ತೀವಿ. ಬಸ್ಸಲ್ಲಿ ಮೂರು ತಾಸು ಹಿಡಿಯುತ್ತೆ."

"ಬೇಡ ಮಿಸ್."

"ಭಾನುವಾರ, ಬಸ್ಸು ಕಮ್ಮಿ. ಅಮ್ಮನಿಗೆ ಸುಸ್ತಾಗಿದೆ."

ಯೆಸೆನಿಯಾ ತಾಯಿಗೆ ಸ್ಪ್ಯಾನಿಷ್‌ನಲ್ಲಿ ಕೇಳಿದಳು. ಒಫೆಲಿಯಾ ತಲೆ ಎತ್ತದೆ, ಇಲ್ಲ ಎಂದು ಕೈ ಆಡಿಸಿದಳು. ಆ ಕೈಯನ್ನು ಆಮೇಲೆ ಎಲ್ಲಿಡಬೇಕೆಂದು ತಿಳಿಯದೆ ಉಡುಪಿನ ಮಡಿಕೆಯೊಳಗೆ ಸೇರಿಸಿಕೊಂಡಳು.

"ನಾನು ಸರಿ ಮಾಡ್ತೀನಿ ಯೆಸೆನಿಯಾ" ಎಂದೆ. "ಕಂಪನಿಗೆ ಬರೀತೀನಿ. ಆ ಸಾಲು ನಿನ್ನದಲ್ಲ ಅಂತ, ನಿಂಗೆ ಮಾಡಿದ್ದು ಅನ್ಯಾಯ ಅಂತ ಬರೀತೀನಿ. ಕಾಲೇಜಿಗೂ ಬರೀತೀನಿ, ಆ ಟಿಕ್ಕು ನನ್ನ ತಪ್ಪು ಅಂತ."

"ಯಾವಾಗ?"

ನಾನು ಕಾರಿನತ್ತ ತಿರುಗಿ ನೋಡಿದೆ. ಹಿಂದೆ ಕಾರಿನ ಇಂಜಿನು ಓಡುತ್ತಲೇ ಇತ್ತು.

"ನಿಮ್ಮ ಗ್ರೀನ್ ಕಾರ್ಡ್ ಬಂದ ಮೇಲಾ, ಮಿಸ್?"

ಚುಚ್ಚುವುದಕ್ಕೆ ಕೇಳಲಿಲ್ಲ. ಲೆಕ್ಕದ ಉತ್ತರ ಸರಿಯೇ ಅಂತ ಕೇಳುವಾಗಿನ ದನಿಯಲ್ಲೇ ಕೇಳಿದಳು.

"ಹೌದು" ಎಂದೆ.

"ಸರಿ" ಎಂದಳು. ಬಸ್ಸು ಬಂತು. ಮೊದಲು ತಾಯಿ ಹತ್ತಿದಳು, ಆಮೇಲೆ ಮಗಳು. ಸೀಟು ಎಷ್ಟೋ ಖಾಲಿಯಿದ್ದವು. ಬೇರೆ ಬೇರೆ ಸೀಟಿನಲ್ಲಿ ಕೂತರು.

ಜೂನಿನಲ್ಲಿ ಹೈಸ್ಕೂಲು ಮುಗಿದ ಮರುದಿನದಿಂದ ಯೆಸೆನಿಯಾ ಪೂರ್ತಿ ದಿನ ಶೆಡ್ಡಿಗೆ ಹೋದಳು ಎಂದು ಕೇಳಿದೆ. ವರ್ಷ ಕಳೆಯುವಷ್ಟರಲ್ಲಿ ಅವರು ಗಿಲ್‌ರಾಯ್ ಬಿಟ್ಟಿದ್ದರು. ಎಲ್ಲಿಗೆ ಎಂದು ಯಾರೂ ನನಗೆ ಹೇಳಲಿಲ್ಲ. ನನಗೆ ಹೇಳದಿದ್ದುದೇ ಸರಿ.

ಯಾವ ಕಂಪನಿಯ ಸಹಿ ತಪ್ಪೀತೆಂದು ಹೆದರಿ ಓದಿದೆನೋ ಆ ಕಂಪನಿ ಮರುವರ್ಷ ಮುಳುಗಿಹೋಯಿತು. ಒಂದು ಶುಕ್ರವಾರ ಎಲ್ಲರನ್ನೂ ಕರೆದು ಕಾರ್ಡ್‌ಬೋರ್ಡು ಡಬ್ಬ ಕೊಟ್ಟು ಮನೆಗೆ ಕಳಿಸಿದರು, ಆನಂದತೀರ್ಥರನ್ನೂ ಸೇರಿಸಿ. ನಮ್ಮ ಅರ್ಜಿ ಅಲ್ಲೇ ಸತ್ತಿತು. ಶನಿವಾರದ ಕ್ಲಾಸೂ ನಿಂತಿತು. ನಯೀಮನಿಗೆ ಬೇರೆ ಕೆಲಸ ಸಿಕ್ಕಿ, ಮೊದಲಿಂದ ಅರ್ಜಿ ಹಾಕಿ, ಕಾರ್ಡು ಬಂದಾಗ ೨೦೦೬. ಅವತ್ತು ಬಿರಿಯಾನಿ ಮಾಡಿದೆ. ಊಟ ಆದ ಮೇಲೆ ಕಾಗದ ಪೆನ್ನು ಹಿಡಿದು ಮೇಜಿಗೆ ಕೂತೆ. ಬರೆಯೋಣವೆಂದರೆ ಕಂಪನಿ ಇಲ್ಲ. ಆರು ವರ್ಷದ ಹಿಂದೆ ಮುಚ್ಚಿದ ಅರ್ಜಿಗೆ ಕಾಲೇಜಿನಲ್ಲಿ ಕೇಳುವವರಿಲ್ಲ. ಯೆಸೆನಿಯಾಳ ವಿಳಾಸ ಇಲ್ಲ.

ಕೊನೆಗೆ ಇದನ್ನು ಕನ್ನಡದಲ್ಲಿ ಬರೆದೆ. ಅವಳಿಗೆ ಇದು ಓದಲು ಬರುವುದಿಲ್ಲ ಅಂತಲೇ.